ಅವಧಿಗೆ ಮುಂಚೆ ಮರಳಿ ಬಂದ ಕೈಗಡ

ಹುಬ್ಬಳ್ಳಿಯಲ್ಲಿ ಔಷಧಿ ಅಂಗಡಿ ಇಟ್ಟುಕೊಂಡು ಇಪ್ಪತ್ತಾರು ವರ್ಷವಾಯಿತು. ಈ ಅವಧಿಯಲ್ಲಿ ಗೆಳೆಯರಿಗೂ ಗಿರಾಕಿಗಳಿಗೂ ಕೊಟ್ಟ ಕೈಗಡಗಳಲ್ಲಿ ಹೆಚ್ಚಿನವು ತಡವಾಗಿ ಬಂದಿವೆ, ಕೆಲವು ಬಂದೇ ಇಲ್ಲ. ಮಾತು ಕೊಟ್ಟ ದಿನಕ್ಕಿಂತ ನಾಲ್ಕು ತಿಂಗಳು ಮುಂಚೆ, ಕೇಳದೆಯೇ, ಪೂರ್ತಿಯಾಗಿ ಮರಳಿ ಬಂದದ್ದು ಒಂದೇ ಒಂದು. ಅದು ನನ್ನ ಜೊತೆ ಹೈಸ್ಕೂಲು ಓದಿದ ಗೆಳೆಯನಿಗೆ ಕೊಟ್ಟಿದ್ದ 20,000 ರೂಪಾಯಿ. ಅವನು ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ಒಂದು ಅಡತಿ ಅಂಗಡಿಯ ಲೆಕ್ಕ ಬರೆಯುವವನು. ವಯಸ್ಸು ನನ್ನಷ್ಟೇ, ಐವತ್ತೊಂದು. ಆ ದಿನ ಮಧ್ಯಾಹ್ನ ರೈಲಿಗೆ ಬಂದವನು ಕೌಂಟರಿನ ಮೇಲೆ ಹಣವಿಟ್ಟು "ಎಣಿಸ್ಕೋ" ಎಂದ. ಆಮೇಲೆ ತನ್ನ ತಾಯಿಯ ಬಿಪಿ ಮತ್ತು ಶುಗರ್ ಗುಳಿಗೆಗಳ ಚೀಟಿಯನ್ನು ಕೊಟ್ಟು, ಮೂರು ತಿಂಗಳಿಗಾಗುವಷ್ಟನ್ನು ಒಮ್ಮೆಲೇ ಕಟ್ಟಿಸಿಕೊಂಡು, "ಮುಂದ ಬೇಕಾದ್ರ ಅವ್ವಗ ನೀನ ಬಸ್ಸಿನ್ಯಾಗ ಕಳಿಸ್ತೀ ಹೌದಿಲ್ಲೋ?" ಎಂದು ಕೇಳಿದ.

ನಾನು ಹಣ ಬಂದ ಖುಷಿಯಲ್ಲಿದ್ದೆ. ಮೆಣಸಿನಕಾಯಿ ಧಾರಣಿ ಚಲೋ ಏರಿರಬೇಕು ಎಂದು ಚೇಷ್ಟೆ ಮಾಡಿದೆ, ಅವನೂ ನಕ್ಕ. ಹಿಂದಿನ ಐದಾರು ತಿಂಗಳು ಅವನ ಮುಖದಲ್ಲಿ ಕಾಣದಿದ್ದ ಒಂದು ನಿರಾಳತೆ ಅಂದು ಕಾಣಿಸಿತು, ಅದನ್ನು ನೋಡಿ ನಾನು ಸಮಾಧಾನಪಟ್ಟುಕೊಂಡೆ ಎಂಬುದನ್ನು ಈಗ ನೆನೆದರೆ ಕೈ ತಣ್ಣಗಾಗುತ್ತದೆ. ಹೊರಡುವಾಗ "ಆರಾಮ ಅದಿಯಲ್ಲ?" ಎಂದು ಕೇಳಿದೆ. "ಆರಾಮ" ಎಂದು ಹೇಳಿ ಹೋದ. ಮೂರನೆಯ ದಿನ ಬೆಳಗಿನ ಜಾವ ಅವನ ಹೆಂಡತಿಯ ಫೋನು ಬಂತು.

ಅವನು ಆತ್ಮಹತ್ಯೆಗೆ ಯತ್ನಿಸಿದ್ದ, ಆದರೆ ಬದುಕಿ ಉಳಿದುಕೊಂಡ. ಎಲ್ಲಿ, ಹೇಗೆ ಎಂಬ ವಿವರವನ್ನು ನಾನು ಬರೆಯುವುದಿಲ್ಲ. ಅಂಥ ವಿವರವನ್ನು ಓದುವುದರಿಂದಲೇ ಅದೇ ಸ್ಥಿತಿಯಲ್ಲಿರುವ ಇನ್ನೊಬ್ಬರ ಅಪಾಯ ಹೆಚ್ಚುತ್ತದೆ ಎಂಬುದು ಚೆನ್ನಾಗಿ ಗೊತ್ತಿರುವ ಸಂಗತಿ. ಭಾರತೀಯ ಪತ್ರಿಕಾ ಮಂಡಳಿಯೂ 2019ರಲ್ಲಿ ಪತ್ರಿಕೆಗಳಿಗೆ ಇದನ್ನೇ ಹೇಳಿದೆ, ಆದರೂ ನಮ್ಮ ಭಾಗದ ಸುದ್ದಿಗಳಲ್ಲಿ ಮೊದಲ ಸಾಲೇ ಆ ವಿವರವಾಗಿರುವುದನ್ನು ಇಂದಿಗೂ ನೋಡುತ್ತೇನೆ. ಹನ್ನೊಂದು ದಿನ ಅವನು ಆಸ್ಪತ್ರೆಯಲ್ಲಿದ್ದ. ಅವನ ಒಪ್ಪಿಗೆ ಪಡೆದು, ಗುರುತು ಸಿಗದಷ್ಟು ಸಂಗತಿಗಳನ್ನು ಬದಲಿಸಿ, ಇದನ್ನು ಬರೆಯುತ್ತಿದ್ದೇನೆ.

ಆಸ್ಪತ್ರೆಯಿಂದ ಬಂದ ಸುಮಾರು ಎರಡು ತಿಂಗಳ ಮೇಲೆ, ಉಣಕಲ್ ಕೆರೆಯ ದಂಡೆಯಲ್ಲಿ ಕುಳಿತಿದ್ದಾಗ, ನಾನು ಧೈರ್ಯ ಮಾಡಿ ಕೇಳಿದೆ: ಅಂದು ನನ್ನ ಮುಂದೆ ನಿಂತಿದ್ದಾಗ ಯಾಕೆ ಒಂದು ಮಾತು ಹೇಳಲಿಲ್ಲ? ಅವನು ಸ್ವಲ್ಪ ಹೊತ್ತು ನೀರನ್ನೇ ನೋಡಿ, "ನೀ ಕೇಳಿದ್ದರ ಹೆಂಗಲೇ? ಆರಾಮ ಅದಿಯಲ್ಲ ಅಂದಿ. 'ಅಲ್ಲ' ಹಚ್ಚಿ ಕೇಳಿದ ಮ್ಯಾಲ ನಾ ಏನ್ ಹೇಳ್ಬೇಕಿತ್ತು?" ಎಂದ.

ಅವನು ಲೆಕ್ಕ ಬರೆಯುವವನು, ಮಾತಿನಲ್ಲಿಯೂ ಒಂದು ಪೈಸೆ ಹೆಚ್ಚುಕಡಿಮೆ ಇರುವುದಿಲ್ಲ. ನಮ್ಮ ಉತ್ತರ ಕರ್ನಾಟಕದ ಕುಶಲ ಪ್ರಶ್ನೆಯಲ್ಲಿ ಉತ್ತರ ಮೊದಲೇ ಕೂತಿರುತ್ತದೆ. "ಆರಾಮ ಅದೀರಿಲ್ಲೋ", "ಎಲ್ಲಾ ಚಲೋ ಐತಲ್ಲ", "ಹುಡುಗರು ಅರಾಮ ಅದಾರಲ್ಲ" ಎಂಬ ಪ್ರಶ್ನೆಗಳಿಗೆ ಇಲ್ಲ ಎಂದು ಹೇಳಬೇಕಾದರೆ ಕೇಳಿದವರ ಮಾತನ್ನೇ ತಳ್ಳಿಹಾಕಿದಂತಾಗುತ್ತದೆ, ಅದಕ್ಕೆ ಬೇಕಾದ ಶಕ್ತಿ ಆ ಸ್ಥಿತಿಯಲ್ಲಿರುವವರಿಗೆ ಇರುವುದಿಲ್ಲ. ಹಾಗೆ ಕೇಳುವುದು ತಪ್ಪೆಂದು ನಾನು ಹೇಳುವುದಿಲ್ಲ. ಅದು ನಮ್ಮ ನಮಸ್ಕಾರವಿದ್ದಂತೆ. ಆದರೆ ಅದನ್ನು ವಿಚಾರಿಸಿದ್ದು ಎಂದು ಲೆಕ್ಕಕ್ಕೆ ಹಿಡಿಯುವುದನ್ನು ನಾನು ಅಂದಿನಿಂದ ಬಿಟ್ಟಿದ್ದೇನೆ.

ಆತ್ಮಹತ್ಯೆ ಎಂದಕೂಡಲೇ ನಮಗೆ ಪರೀಕ್ಷೆಯಲ್ಲಿ ಅನುತ್ತೀರ್ಣರಾದ ಮಕ್ಕಳು, ಪ್ರೇಮದಲ್ಲಿ ಸೋತ ಯುವಕರು, ಇಲ್ಲವೇ ಬೆಳೆ ಕಳೆದುಕೊಂಡ ರೈತರು ನೆನಪಾಗುತ್ತಾರೆ. ಆ ದುಃಖಗಳು ಸುಳ್ಳಲ್ಲ. ಆದರೆ ರಾಷ್ಟ್ರೀಯ ಅಪರಾಧ ದಾಖಲೆಗಳ ವಿಭಾಗದ 2022ರ ವರದಿಯನ್ನು ಬಿಡಿಸಿ ನೋಡಿದಾಗ ನನಗೆ ಕಂಡದ್ದು ಬೇರೆ ಚಿತ್ರ. ಆ ವರ್ಷ ದೇಶದಲ್ಲಿ ದಾಖಲಾದ ಆತ್ಮಹತ್ಯೆಗಳು 1,70,924. ಅವುಗಳಲ್ಲಿ ಕರ್ನಾಟಕದವು 13,606, ರಾಜ್ಯಗಳ ಪಟ್ಟಿಯಲ್ಲಿ ನಮ್ಮದು ನಾಲ್ಕನೆಯ ಸ್ಥಾನ. ತೀರಿಕೊಂಡವರಲ್ಲಿ ಸುಮಾರು ಅರ್ಧದಷ್ಟು ಜನ 30ರಿಂದ 60 ವರ್ಷದೊಳಗಿನವರು, ಅಂದರೆ ಮನೆಯಲ್ಲಿ ಕಿರಿಯರೂ ಹಿರಿಯರೂ ಯಾರ ಮುಖ ನೋಡುತ್ತಾರೋ ಅವರೇ. ನೂರಕ್ಕೆ ಎಪ್ಪತ್ತೆರಡರಷ್ಟು ಗಂಡಸರು. ಕಾರಣದ ಕಾಲಮ್ಮಿನಲ್ಲಿ ಮೊದಲು ಬರುವುದು "ಕೌಟುಂಬಿಕ ಸಮಸ್ಯೆ", ನೂರಕ್ಕೆ 31.7, ಎರಡನೆಯದು ಕಾಯಿಲೆ, 18.4. ಈ ಕಾಲಮ್ಮಿನ ಬಗ್ಗೆ ನನಗೆ ಅಷ್ಟೊಂದು ಗೌರವವಿಲ್ಲ. ಠಾಣೆಯಲ್ಲಿ ಒಂದು ಸಾಲಿನಲ್ಲಿ ಒಂದೇ ಕಾರಣ ಬರೆಯಬೇಕಾಗುತ್ತದೆ, "ಕೌಟುಂಬಿಕ ಸಮಸ್ಯೆ" ಎಂಬುದು ಯಾವ ಪಾತ್ರೆಯ ಮೇಲಾದರೂ ಕೂರುವ ಮುಚ್ಚಳ.

ನನ್ನ ಗೆಳೆಯನದನ್ನೇ ತೆಗೆದುಕೊಂಡರೆ ಯಾವ ಒಂದು ಕಾರಣ ಬರೆಯಬೇಕು? ಚಿಕ್ಕಪ್ಪನ ಮಗನ ಟ್ರ್ಯಾಕ್ಟರ್ ಸಾಲಕ್ಕೆ ಅವನು ಜಾಮೀನು ನಿಂತಿದ್ದ. ಕಂತು ತಪ್ಪಿದಾಗ ವಸೂಲಿಯವರು ಇವನು ಕೆಲಸ ಮಾಡುವ ಅಂಗಡಿಗೇ ಬಂದು, ಟೆಂಡರಿನ ದಿನ, ರೈತರು ಮತ್ತು ಹಮಾಲರೆಲ್ಲ ಸೇರಿದ್ದ ಹೊತ್ತಿನಲ್ಲಿ ಇವನ ಹೆಸರು ಹಿಡಿದು ಕೂಗಿದ್ದರು. ಮಗಳ ನರ್ಸಿಂಗ್ ಕಾಲೇಜಿನ ಫೀಸು ಬಾಕಿಯಿತ್ತು. ತಾಯಿಗೆ ಮರೆವು ಶುರುವಾಗಿತ್ತು. ಮಂಡಿನೋವಿನಿಂದ ಕೆಳಗೆ ಕುಳಿತು ಬರೆಯಲಾಗುತ್ತಿರಲಿಲ್ಲ, ಅದೇ ಹೊತ್ತಿಗೆ ಅಂಗಡಿಗೆ ಕಂಪ್ಯೂಟರ್ ಬಲ್ಲ ಇಪ್ಪತ್ತನಾಲ್ಕರ ಹುಡುಗನೊಬ್ಬ ಬಂದಿದ್ದ. ಸಂಜೆ ಒಂದು ಕ್ವಾರ್ಟರ್ ಇದ್ದದ್ದು ಎರಡಾಗಿತ್ತು. ಬೆಳಗಿನ ಮೂರು ಗಂಟೆಗೆ ಎಚ್ಚರವಾದರೆ ಮತ್ತೆ ನಿದ್ದೆ ಹತ್ತುತ್ತಿರಲಿಲ್ಲ. ಇವುಗಳಲ್ಲಿ ಯಾವುದೂ ಒಂಟಿಯಾಗಿ ಮನುಷ್ಯನನ್ನು ಕೆಡವುವಷ್ಟು ದೊಡ್ಡದಲ್ಲ, ಇಂಥವು ಯಾರ ಮನೆಯಲ್ಲಿಲ್ಲ ಎಂದು ಅವನೇ ತನಗೆ ಹೇಳಿಕೊಳ್ಳುತ್ತಿದ್ದನಂತೆ. ಅವನ ಮಾತಿನಲ್ಲಿಯೇ ಹೇಳುವುದಾದರೆ, "ಎಲ್ಲಾರ ಲೆಕ್ಕಾ ತಾಳೆ ಆಗ್ತಿತ್ತು, ನಂದಷ್ಟ ಆಗ್ತಿರಲಿಲ್ಲ. ನಾ ಹೋದ್ರ ಎಲ್ಲಾ ಬರೋಬರಿ ಆಗ್ತೈತಿ ಅಂತ ತಲ್ಯಾಗ ಕೂತುಬಿಡ್ತು." ತಾನು ಮನೆಯವರಿಗೆ ಭಾರ ಎಂಬ ಈ ಭಾವನೆ ಬಲಿತಾಗ ಅಪಾಯ ಬಹಳ ಹತ್ತಿರ ಬಂದಿದೆ ಎಂದು ತಿಳಿಯಬೇಕೆಂದು ಆಮೇಲೆ ಅವನನ್ನು ನೋಡಿದ ಮನೋವೈದ್ಯರು ನಮಗೆ ಹೇಳಿದರು. ಅವನು ಭಾರವಾಗಿರಲಿಲ್ಲ, ಆ ಮನೆಯ ತೊಲೆಯೇ ಅವನಾಗಿದ್ದ. ಆದರೆ ಖಿನ್ನತೆ ಎಂಬ ಕಾಯಿಲೆ ಮಾಡುವ ಲೆಕ್ಕದಲ್ಲಿ ಜಮೆಯ ಬದಿ ಕಾಣುವುದೇ ಇಲ್ಲ.

ಹೆಂಗಸರ ಕತೆ ಸ್ವಲ್ಪ ಬೇರೆ. ನಲವತ್ತೈದರ ಆಚೀಚೆ ಮುಟ್ಟು ನಿಲ್ಲುವ ಕಾಲದಲ್ಲಿ ದೇಹದಲ್ಲಾಗುವ ಏರುಪೇರಿನಿಂದ ಮನಸ್ಸು ಕುಗ್ಗುವ ಸಂಭವ ಹೆಚ್ಚು, ಹಿಂದೆ ಒಮ್ಮೆ ಖಿನ್ನತೆ ಬಂದವರಲ್ಲಿ ಇನ್ನೂ ಹೆಚ್ಚು. ಆದರೆ ಅದನ್ನು ಮನೆಯಲ್ಲಿ "ಸಿಟ್ಟು ಜಾಸ್ತಿ ಆಗೇತಿ" ಎಂಬ ಒಂದು ಮಾತಿನಲ್ಲಿ ಮುಗಿಸುತ್ತಾರೆ. ಅದೇ ವಯಸ್ಸಿನಲ್ಲಿ ಅತ್ತೆಮಾವಂದಿರ ಆರೈಕೆ, ಮಕ್ಕಳ ಮದುವೆ, ಗಂಡನ ಕುಡಿತ ಎಲ್ಲ ಒಟ್ಟಿಗೆ ಬಂದಿರುತ್ತವೆ. ಗುಂಪು ಸಾಲದಲ್ಲಿ ಒಬ್ಬಳ ಕಂತು ತಪ್ಪಿದರೆ ಉಳಿದ ಹೆಂಗಸರೇ ಅವಳ ಬಾಗಿಲಿಗೆ ಹೋಗಿ ಕೂರಬೇಕಾಗುತ್ತದೆ. ಸಾಲಕ್ಕಿಂತ ಆ ನಾಚಿಕೆಯೇ ಹೆಚ್ಚು ಸುಡುತ್ತದೆ ಎಂದು ನನ್ನ ಗಿರಾಕಿಯೊಬ್ಬರು ಹೇಳಿದ್ದರು. ಬಲವಂತದ ವಸೂಲಿಯನ್ನು ತಡೆಯಲು 2025ರಲ್ಲಿ ರಾಜ್ಯ ಸರ್ಕಾರ ಕಾನೂನು ತಂದಿದೆ, ಕಿರುಕುಳ ಕೊಟ್ಟರೆ ಹತ್ತು ವರ್ಷದವರೆಗೆ ಶಿಕ್ಷೆಗೂ ಅವಕಾಶವಿದೆ. ಮನೆಗೆ ಬಂದು ಕೂಗಾಡುವವರನ್ನು ಸಹಿಸಿಕೊಳ್ಳಬೇಕಾಗಿಲ್ಲ, ಠಾಣೆಗೆ ದೂರು ಕೊಡಬಹುದು ಎಂಬ ಒಂದು ಮಾತು ಎಷ್ಟೋ ಮನೆಗಳಿಗೆ ಇನ್ನೂ ಮುಟ್ಟಬೇಕಾಗಿದೆ.

ಔಷಧಿ ಅಂಗಡಿಯ ಕೌಂಟರಿನಲ್ಲಿ ನಿಂತವನಿಗೆ ಕಾಣುವ ಒಂದು ಸಂಗತಿಯಿದೆ. ನಡುವಯಸ್ಸಿನವರು ಮನಸ್ಸು ಸರಿಯಿಲ್ಲ ಎಂದು ಹೇಳಿಕೊಂಡು ಬರುವುದಿಲ್ಲ. "ಎದಿ ಹಿಡದಂಗ ಆಗ್ತೈತಿ", "ಹೊಟ್ಟಿ ಉಬ್ಬರಸ್ತೈತಿ", "ಕೈಕಾಲಾಗ ಶಕ್ತಿನ ಇಲ್ಲ", "ನಿದ್ದಿ ಹತ್ತವಲ್ದು, ಒಂದು ಗುಳಿಗಿ ಕೊಡ್ರಿ" ಎನ್ನುತ್ತಾರೆ. ಇಸಿಜಿ ಸರಿಯಿರುತ್ತದೆ, ಹೊಟ್ಟೆಯ ಸ್ಕ್ಯಾನಿಂಗ್ ಸರಿಯಿರುತ್ತದೆ, ರಕ್ತ ಪರೀಕ್ಷೆ ಮೂರು ಸಲ ಆಗಿರುತ್ತದೆ. ಆಮ್ಲ ತಗ್ಗಿಸುವ ಗುಳಿಗೆಯನ್ನೂ ಶಕ್ತಿಯ ಟಾನಿಕ್ಕನ್ನೂ ತಿಂಗಳುಗಟ್ಟಲೆ ಒಯ್ಯುವ ಈ ಜನರಲ್ಲಿ ಎಷ್ಟು ಮಂದಿಗೆ ಬೇಕಾಗಿದ್ದದ್ದು ಬೇರೆಯೇ ಚಿಕಿತ್ಸೆ ಎಂದು ಈಗ ಯೋಚಿಸುತ್ತೇನೆ. ಬೆಂಗಳೂರಿನ ನಿಮ್ಹಾನ್ಸ್ 2015–16ರಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ಖಿನ್ನತೆಯಿರುವ ನೂರು ಜನರಲ್ಲಿ ಸುಮಾರು 85 ಮಂದಿಗೆ ಚಿಕಿತ್ಸೆಯೇ ಸಿಗುತ್ತಿಲ್ಲ. ಅವರೆಲ್ಲ ಎಲ್ಲಿದ್ದಾರೆ ಎಂದರೆ, ಒಂದು ಪಾಲು ನನ್ನಂಥವರ ಅಂಗಡಿಯ ಮುಂದೆ ಹೊಟ್ಟೆ ಒತ್ತಿಕೊಂಡು ನಿಂತಿದೆ.

ಚಿಕಿತ್ಸೆಗೆ ಹೋಗಿ ಎಂದರೆ ನಮ್ಮ ಭಾಗದಲ್ಲಿ ಇನ್ನೊಂದು ತೊಡಕು. ಯಾರಾದರೂ ಸ್ವಲ್ಪ ವಿಚಿತ್ರವಾಗಿ ನಡೆದುಕೊಂಡರೆ "ಇವನ್ನ ಧಾರವಾಡಕ್ಕ ಕಳಸಬೇಕು ನೋಡು" ಎಂದು ಹಾಸ್ಯ ಮಾಡುವುದು ಹುಬ್ಬಳ್ಳಿಯವರಿಗೂ ಗದಗಿನವರಿಗೂ ಬಾಯಿಪಾಠ. ಧಾರವಾಡದಲ್ಲಿ 1845ರಲ್ಲಿ ಹುಚ್ಚಾಸ್ಪತ್ರೆಯಾಗಿ ಆರಂಭವಾದ ಸಂಸ್ಥೆ ಇಂದು ಡಿಮ್ಹಾನ್ಸ್ ಎಂಬ ಹೆಸರಿನಲ್ಲಿ, ಬೆಳಗಾವಿ ರಸ್ತೆಯಲ್ಲಿ, ನಿದ್ದೆ ಬಾರದವರಿಂದ ಹಿಡಿದು ಕುಡಿತ ಬಿಡಲಾಗದವರವರೆಗೆ ಎಲ್ಲರನ್ನೂ ಹೊರರೋಗಿಗಳಾಗಿ ನೋಡುತ್ತದೆ. ಬೆಳಿಗ್ಗೆ ಹೋಗಿ ಚೀಟಿ ಮಾಡಿಸಿ ಮಧ್ಯಾಹ್ನ ಮನೆಗೆ ಮರಳುವವರೇ ಹೆಚ್ಚು. ಆದರೆ ಆ ಒಂದು ಹಾಸ್ಯದ ಮಾತು ಎಷ್ಟು ಜನರನ್ನು ಆ ಗೇಟಿನ ಹೊರಗೇ ನಿಲ್ಲಿಸಿದೆಯೋ! ನಾನೂ ಆ ಮಾತನ್ನು ಹತ್ತಾರು ಸಲ ಆಡಿದವನೇ, ಈ ಗೆಳೆಯನ ಮುಂದೆಯೇ ಆಡಿದವನು. ಧಾರವಾಡ ಬೇಡವೆನ್ನುವವರಿಗೆ ಹುಬ್ಬಳ್ಳಿ, ಗದಗ ಮತ್ತು ಹಾವೇರಿಯ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಲ್ಲಿಯೂ ಮನೋವೈದ್ಯರು ಸಿಗುತ್ತಾರೆ. ಮನೋಚೈತನ್ಯ ಎಂಬ ಯೋಜನೆಯಲ್ಲಿ ಮಂಗಳವಾರದಂದು ತಾಲ್ಲೂಕು ಆಸ್ಪತ್ರೆಗಳಿಗೇ ಮನೋವೈದ್ಯರು ಬಂದು ನೋಡುವ ವ್ಯವಸ್ಥೆಯೂ ಇದೆ. ಮಠಕ್ಕೆ ಹೋಗಿ ಕುಳಿತರೆ ಮನಸ್ಸು ಹಗುರಾಗುತ್ತದೆ ಎನ್ನುವವರಿಗೆ ನಾನು ಬೇಡವೆನ್ನುವುದಿಲ್ಲ. ಸಿದ್ಧಾರೂಢರ ಅಂಗಳದಲ್ಲಿ ನಾನೂ ಎಷ್ಟೋ ಸಂಜೆ ಕಳೆದಿದ್ದೇನೆ. ಶುಗರ್ ಬಂದವರು ಮಠಕ್ಕೂ ಹೋಗುತ್ತಾರೆ, ಗುಳಿಗೆಯನ್ನೂ ನುಂಗುತ್ತಾರೆ. ಇದನ್ನೂ ಹಾಗೆಯೇ ನಡೆಸಬಹುದು.

ಗುಳಿಗೆಯ ಮಾತು ಬಂದದ್ದರಿಂದ ನನ್ನ ಕಸುಬಿನ ಎರಡು ಮಾತು. ಮನೋವೈದ್ಯರು ಬರೆಯುವ ಔಷಧಿಗಳೆಲ್ಲ ನಿದ್ದೆಗುಳಿಗೆ ಎಂಬ ನಂಬಿಕೆ ಬಲವಾಗಿದೆ. ಖಿನ್ನತೆಗೆ ಕೊಡುವ ಔಷಧಿ ಬೇರೆ, ಅದು ಚಟ ಹಿಡಿಸುವಂಥದ್ದಲ್ಲ, ಆದರೆ ಅದರ ಗುಣ ಕಾಣಲು ಎರಡರಿಂದ ನಾಲ್ಕು ವಾರ, ಕೆಲವರಲ್ಲಿ ಇನ್ನೂ ಹೆಚ್ಚು ಸಮಯ ಬೇಕಾಗುತ್ತದೆ; ಹೊಟ್ಟೆ ತೊಳಸುವುದು, ತಲೆ ಭಾರವಾಗುವುದು ಮುಂತಾದ ತೊಂದರೆಗಳು ಮಾತ್ರ ಮೊದಲ ವಾರದಲ್ಲಿಯೇ ಬರುತ್ತವೆ. ಹೀಗಾಗಿ ಹತ್ತನೆಯ ದಿನಕ್ಕೆ "ಇದರಿಂದ ಏನೂ ಆಗಲಿಲ್ಲ" ಎಂದು ಬಿಟ್ಟವರನ್ನು ನಾನು ಲೆಕ್ಕವಿಲ್ಲದಷ್ಟು ನೋಡಿದ್ದೇನೆ. ಇನ್ನು ಕೆಲವರು ಎರಡು ತಿಂಗಳಲ್ಲಿ ಆರಾಮವಾಯಿತೆಂದು ವೈದ್ಯರನ್ನು ಕೇಳದೆ ಒಮ್ಮೆಲೇ ನಿಲ್ಲಿಸುತ್ತಾರೆ, ಅದೂ ಅಪಾಯವೇ. ಮೊದಲೆಲ್ಲ ಚೀಟಿ ತಂದವರು ಮರಳಿ ಬರದಿದ್ದರೆ ಬೇರೆ ಅಂಗಡಿಗೆ ಹೋಗಿರಬೇಕು ಎಂದುಕೊಂಡು ಸುಮ್ಮನಾಗುತ್ತಿದ್ದೆ. ಈಗ ಅವರ ಒಪ್ಪಿಗೆ ಪಡೆದು ನಂಬರ್ ಬರೆದುಕೊಳ್ಳುತ್ತೇನೆ, ಹದಿನೈದನೆಯ ದಿನ ಒಂದು ಫೋನು ಮಾಡುತ್ತೇನೆ. ಇದರಿಂದ ವ್ಯಾಪಾರ ಬೆಳೆಯಿತೆಂದು ನನ್ನ ಮಗ ಚೇಷ್ಟೆ ಮಾಡುತ್ತಾನೆ. ಅದು ಸುಳ್ಳೂ ಅಲ್ಲ.

ಹೀಗೆ ಕೇಳುವುದನ್ನು ಕಲಿತ ಮೇಲೆ ನಡೆದ ಒಂದು ಪ್ರಸಂಗವನ್ನು ಹೇಳಬೇಕು. ಕಳೆದ ಮಳೆಗಾಲದಲ್ಲಿ, ಅಂಗಡಿ ಮುಚ್ಚುವ ಹೊತ್ತಿಗೆ, ನಲವತ್ತೇಳರ ಸುಮಾರಿನ ಹೆಣ್ಣುಮಗಳೊಬ್ಬರು ಬಂದರು. ಹಲವು ವರ್ಷಗಳ ಪರಿಚಯ. ಯಾವಾಗಲೂ ಚೌಕಾಶಿ ಮಾಡಿ ಹತ್ತು ರೂಪಾಯಿಯಾದರೂ ಬಿಡಿಸಿಕೊಳ್ಳುವವರು ಅಂದು ಚಿಲ್ಲರೆಯನ್ನೂ ತೆಗೆದುಕೊಳ್ಳದೆ ಹೊರಟರು. ಕರೆದು ಕೊಟ್ಟಾಗ, "ಇರಲಿ ಬಿಡ್ರಿ ಅಣ್ಣಾರ, ನಮಗೇನ್ ಮಾಡೂದೈತಿ ಇನ್ನ" ಎಂದರು. ನಮ್ಮ ಕಡೆ ಸಾಕಾಗೇತಿ, ಬ್ಯಾಸರಾಗೇತಿ ಎಂಬ ಮಾತುಗಳನ್ನು ದಿನಕ್ಕೆ ಹತ್ತು ಸಲ ಕೇಳುತ್ತೇವೆ, ಬಿಸಿಲಿಗೂ ಅದೇ ಮಾತು, ಟ್ರಾಫಿಕ್ಕಿಗೂ ಅದೇ ಮಾತು. ಆದರೆ "ಇನ್ನ" ಎಂಬ ಆ ಪದ ನಿಂತ ರೀತಿಯಿಂದ ನನಗೆ ಗೆಳೆಯನ ನಿರಾಳ ಮುಖ ನೆನಪಾಯಿತು. ಒಳಗಿನ ಸ್ಟೂಲಿನ ಮೇಲೆ ಕೂರಿಸಿ, ನೀರು ಕೊಟ್ಟು, "ಅಲ್ಲ" ಹಚ್ಚದೆ ಕೇಳಿದೆ: "ಅಕ್ಕಾರ, ನಿಮಗ ಜೀವಾ ಕಳಕೋಬೇಕು ಅಂತ ಮನಸಿನ್ಯಾಗ ಬರಾಕತ್ತೈತೇನ್ರಿ?"

ಈ ಪ್ರಶ್ನೆಯನ್ನು ಬಾಯಿಬಿಟ್ಟು ಕೇಳಲು ಎಲ್ಲರೂ ಹೆದರುತ್ತಾರೆ, ಇಲ್ಲದ ವಿಚಾರವನ್ನು ನಾವೇ ತಲೆಯಲ್ಲಿ ಬಿತ್ತಿದಂತಾಗುತ್ತದೆ ಎಂಬ ಅಂಜಿಕೆಯಿಂದ. ಹಾಗಾಗುವುದಿಲ್ಲ ಎಂದು ಈ ಬಗ್ಗೆ ನಡೆದ ಅಧ್ಯಯನಗಳು ಮತ್ತೆ ಮತ್ತೆ ತೋರಿಸಿವೆ. ನೇರವಾಗಿ ಕೇಳಿಸಿಕೊಂಡವರಲ್ಲಿ ಹೆಚ್ಚಿನವರಿಗೆ ಹೊರೆ ಇಳಿದಂತೆ ಅನ್ನಿಸುತ್ತದೆ. ಇಲ್ಲವೆಂದಾದರೆ ಇಲ್ಲವೆಂದೇ ಹೇಳುತ್ತಾರೆ, ಸ್ವಲ್ಪ ಸಿಟ್ಟಾಗಬಹುದು, ಅಷ್ಟೇ. ಆ ಅಕ್ಕ ಸಿಟ್ಟಾಗಲಿಲ್ಲ. ಬಹಳ ಹೊತ್ತು ಅತ್ತರು. ಅತ್ತ ಮೇಲೆ ಅವರು ಹೇಳಿದ್ದರಲ್ಲಿ ಇಲ್ಲಿ ಬರೆಯಬಹುದಾದ ಮಾತು ಒಂದೇ: "ನನ್ನ ಯಾರೂ ಕೇಳಿದ್ದಿಲ್ಲ." ನಾನು ಉಪದೇಶ ಮಾಡಲಿಲ್ಲ. "ಮಕ್ಕಳ ಮುಖಾ ನೋಡ್ರಿ", "ನಿಮಗಿಂತ ಕಷ್ಟದಾಗ ಇರೋರು ಎಷ್ಟು ಮಂದಿ ಅದಾರ" ಎಂಬ ಮಾತುಗಳು ನಾಲಿಗೆಯ ತುದಿಗೆ ಬಂದಿದ್ದವು, ಕಷ್ಟಪಟ್ಟು ತಡೆದೆ. ತಾವು ಮಕ್ಕಳಿಗೇ ಭಾರ ಎಂದುಕೊಂಡು ಕುಳಿತವರಿಗೆ ಮಕ್ಕಳ ಹೆಸರು ಇನ್ನೊಂದು ಪೆಟ್ಟಾಗುತ್ತದೆ ಎಂದು ಗೆಳೆಯ ನನಗೆ ಹೇಳಿಕೊಟ್ಟಿದ್ದ. ಅಲ್ಲಿಂದಲೇ 14416ಕ್ಕೆ ಫೋನು ಹಚ್ಚಿ ಅವರ ಕೈಗೆ ಕೊಟ್ಟೆ. ಇದು ಟೆಲಿ ಮನಸ್ ಎಂಬ ಸರ್ಕಾರಿ ಸಹಾಯವಾಣಿ, 2022ರ ಅಕ್ಟೋಬರ್ 10ರಂದು ಆರಂಭವಾದದ್ದು. ಹಗಲು ರಾತ್ರಿ ನಡೆಯುತ್ತದೆ, ದುಡ್ಡು ಬೀಳುವುದಿಲ್ಲ, ಕನ್ನಡದಲ್ಲಿಯೇ ಮಾತಾಡಬಹುದು. ಅವರು ಮಾತಾಡುತ್ತಿದ್ದಾಗ ನಾನು ಅವರ ತಮ್ಮನನ್ನು ಕರೆಸಿದೆ. ಆ ರಾತ್ರಿ ಅವರನ್ನು ಒಬ್ಬರನ್ನೇ ಬಿಡಲಿಲ್ಲ; ಮರುದಿನ ತಮ್ಮನೇ ಧಾರವಾಡಕ್ಕೆ ಕರೆದುಕೊಂಡು ಹೋದ. ಈಗಲೂ ಚಿಕಿತ್ಸೆಯಲ್ಲಿದ್ದಾರೆ, ಚೌಕಾಶಿ ಮತ್ತೆ ಶುರುವಾಗಿದೆ.

ಅವರ ಮನೆಯಲ್ಲಿ ಮಾಡಿದ ಇನ್ನೊಂದು ಕೆಲಸವೆಂದರೆ ಮನೆಯಲ್ಲಿದ್ದ ಅಪಾಯದ ವಸ್ತುಗಳನ್ನು ಅವರ ಕೈಗೆ ಸಿಗದಂತೆ ಮನೆಯಿಂದಲೇ ಹೊರಗೆ ಸಾಗಿಸಿದ್ದು. ಅವರ ಔಷಧಿಯನ್ನು ಈಗಲೂ ವಾರಕ್ಕೊಮ್ಮೆ ಆ ವಾರಕ್ಕಾಗುವಷ್ಟೇ ಕೊಡುತ್ತೇನೆ, ಅದು ತಮ್ಮನ ಕೈಯಲ್ಲಿರುತ್ತದೆ. ಸಾಯಬೇಕೆನ್ನುವವರನ್ನು ಹೇಗೂ ತಡೆಯಲಾಗದು ಎಂದು ಹೇಳುವವರಿಗೆ ನಾನು ಶ್ರೀಲಂಕಾದ ಉದಾಹರಣೆ ಕೊಡುತ್ತೇನೆ. ಅಲ್ಲಿ ಅತಿ ವಿಷಕಾರಿಯಾದ ಕೃಷಿ ಕೀಟನಾಶಕಗಳನ್ನು ಒಂದೊಂದಾಗಿ ನಿಷೇಧಿಸಿದ ಮೇಲೆ ಆತ್ಮಹತ್ಯೆಯ ಪ್ರಮಾಣ ಸುಮಾರು ನೂರಕ್ಕೆ ಎಪ್ಪತ್ತರಷ್ಟು ಇಳಿಯಿತು. 1995ರಿಂದ 2015ರವರೆಗೆ 93,000 ಜೀವಗಳು ಉಳಿದವೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ಜನರ ಕಷ್ಟಗಳೇನೂ ಆ ಇಪ್ಪತ್ತು ವರ್ಷ ಕಡಿಮೆಯಾಗಿರಲಿಲ್ಲ. ಸಾಯಬೇಕೆನ್ನಿಸುವ ಆ ತೀವ್ರ ಹೊತ್ತು ಎಷ್ಟೋ ಜನರಲ್ಲಿ ಕೆಲವು ಗಂಟೆ, ಕೆಲವರಲ್ಲಿ ಕೆಲವೇ ನಿಮಿಷಗಳದ್ದು. ಅಪಾಯದ ವಸ್ತು ಕೈಗೆ ಸಿಗದಿದ್ದರೆ ಆ ಹೊತ್ತು ದಾಟಿಹೋಗುತ್ತದೆ, ದಾಟಿದವರಲ್ಲಿ ಬಹುಪಾಲು ಜನ ಮುಂದೆ ಬದುಕಿಯೇ ಇರುತ್ತಾರೆ.

ಗೆಳೆಯನ ವಿಷಯಕ್ಕೆ ಮರಳುತ್ತೇನೆ. ಆಸ್ಪತ್ರೆಯಲ್ಲಿದ್ದಾಗ ಅವನ ಮನೆಯವರನ್ನು ಕಾಡಿದ ಮೊದಲ ಭಯ ಪೊಲೀಸ್ ಕೇಸಿನದು. ಊರಿನಲ್ಲಿ ಹೊಟ್ಟೆನೋವು ಎಂದು ಹೇಳಿದ್ದರು, ಆಸ್ಪತ್ರೆಯಲ್ಲಿಯೂ ಹಾಗೆಯೇ ಬರೆಸಲು ನೋಡಿದರು. ಅದರಿಂದ ಚಿಕಿತ್ಸೆ ತಡವಾಗುವ ಅಪಾಯವಿತ್ತು. 2017ರ ಮಾನಸಿಕ ಆರೋಗ್ಯ ಕಾಯಿದೆಯ 115ನೆಯ ಕಲಮಿನ ಪ್ರಕಾರ, ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಅವರನ್ನು ಶಿಕ್ಷಿಸಬಾರದು, ಅವರಿಗೆ ಆರೈಕೆ ಮತ್ತು ಪುನರ್ವಸತಿ ಒದಗಿಸುವುದು ಸರ್ಕಾರದ ಕರ್ತವ್ಯ. ಆ ಯತ್ನವನ್ನೇ ಅಪರಾಧವೆನ್ನುತ್ತಿದ್ದ ಹಳೆಯ ದಂಡಸಂಹಿತೆಯ 309ನೆಯ ಕಲಮು 2024ರ ಜುಲೈ 1ರಂದು ಬಂದ ಹೊಸ ಸಂಹಿತೆಯಲ್ಲಿ ಉಳಿದಿಲ್ಲ. ಸರ್ಕಾರಿ ನೌಕರನ ಮೇಲೆ ಒತ್ತಡ ತರಲು ಮಾಡುವ ಯತ್ನವನ್ನು ಮಾತ್ರ ಅಪರಾಧವೆಂದು ಇಟ್ಟುಕೊಂಡಿದ್ದಾರೆ. ಆಸ್ಪತ್ರೆಯಿಂದ ಠಾಣೆಗೆ ಸುದ್ದಿ ಹೋಗುತ್ತದೆ, ಒಬ್ಬ ಪೊಲೀಸರು ಬಂದು ಹೇಳಿಕೆ ಬರೆದುಕೊಳ್ಳುತ್ತಾರೆ, ಅಷ್ಟಕ್ಕೆ ಹೆದರಿ ವೈದ್ಯರಿಗೆ ಸುಳ್ಳು ಹೇಳಬೇಕಾಗಿಲ್ಲ ಎಂದು ಅವನ ಹೆಂಡತಿಗೆ ವಿವರಿಸಿದಾಗ ಆಕೆ ಕೇಳಿದ್ದು, "ಹಂಗಾದ್ರ ಅವ್ರಿಗೆ ನೌಕರಿ ಹೋಗೂದಿಲ್ಲೇನ್ರಿ?" ಎಂದು. ನೌಕರಿ ಹೋಗಲಿಲ್ಲ. ಅಂಗಡಿಯ ಯಜಮಾನರು ಅವನಿಗೆ ಕುರ್ಚಿ ಮೇಜು ಹಾಕಿಸಿಕೊಟ್ಟರು, ಕಂಪ್ಯೂಟರ್ ಹುಡುಗ ಇವನಿಂದ ರೈತರ ಖಾತೆಗಳ ಹಿಂದುಮುಂದು ಕಲಿಯುತ್ತಿದ್ದಾನೆ. ಟ್ರ್ಯಾಕ್ಟರ್ ಸಾಲ ಮಾತ್ರ ಹಾಗೆಯೇ ಇದೆ, ಚಿಕ್ಕಪ್ಪನ ಮಗ ಈಗ ಫೋನೇ ಎತ್ತುವುದಿಲ್ಲ.

ಒಮ್ಮೆ ಯತ್ನಿಸಿದವರಿಗೆ ಮತ್ತೆ ಯತ್ನಿಸುವ ಅಪಾಯ ಉಳಿದವರಿಗಿಂತ ಬಹಳ ಹೆಚ್ಚು, ಆಸ್ಪತ್ರೆಯಿಂದ ಮನೆಗೆ ಬಂದ ಮೊದಲ ವಾರಗಳಲ್ಲಂತೂ ಇನ್ನೂ ಹೆಚ್ಚು. ಹಣ್ಣು ಹಿಡಿದುಕೊಂಡು ಬರುವ ನೆಂಟರು ಮೊದಲ ನಾಲ್ಕು ದಿನ ಬರುತ್ತಾರೆ, ಐದನೆಯ ದಿನದಿಂದ ಮನೆ ಖಾಲಿ. ಈ ಬಗ್ಗೆ ಓದುವಾಗ ವಿಶ್ವ ಆರೋಗ್ಯ ಸಂಸ್ಥೆ ಐದು ದೇಶಗಳಲ್ಲಿ ನಡೆಸಿ 2008ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ ಸಿಕ್ಕಿತು. ನಮ್ಮ ಚೆನ್ನೈ ಕೂಡ ಅದರಲ್ಲಿತ್ತು. ಆತ್ಮಹತ್ಯೆಗೆ ಯತ್ನಿಸಿ ಆಸ್ಪತ್ರೆಗೆ ಬಂದ 1,867 ಜನರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಎಂದಿನ ಚಿಕಿತ್ಸೆ ಕೊಟ್ಟರು. ಇನ್ನೊಂದಕ್ಕೆ ಅದರ ಜೊತೆಗೆ ಸುಮಾರು ಒಂದು ಗಂಟೆಯ ತಿಳಿವಳಿಕೆಯ ಮಾತು, ಆಮೇಲೆ ಒಂದೂವರೆ ವರ್ಷದಲ್ಲಿ ಒಂಬತ್ತು ಸಲ ಫೋನು ಇಲ್ಲವೇ ಭೇಟಿ. ಒಂದೂವರೆ ವರ್ಷದ ಕೊನೆಗೆ ಮೊದಲ ಗುಂಪಿನಲ್ಲಿ ನೂರಕ್ಕೆ 2.2ರಷ್ಟು ಜನ ಆತ್ಮಹತ್ಯೆಯಿಂದ ತೀರಿಹೋಗಿದ್ದರೆ ಎರಡನೆಯದರಲ್ಲಿ 0.2ರಷ್ಟು. ಒಂಬತ್ತು ಸಲ! ಯಾವ ದುಬಾರಿ ಯಂತ್ರವೂ ಇಲ್ಲದ ಇಂಥ ಕೆಲಸಕ್ಕೆ ಇಷ್ಟು ಬಲವಿದೆ ಎಂದು ನಂಬಲು ನನಗೆ ಎರಡು ಸಲ ಓದಬೇಕಾಯಿತು.

ಆದರೆ ಐವತ್ತೊಂದರ ಗಂಡಸು ಇನ್ನೊಬ್ಬ ಐವತ್ತೊಂದರ ಗಂಡಸನ್ನು ಕಾರಣವಿಲ್ಲದೆ ಮೇಲಿಂದ ಮೇಲೆ ಭೇಟಿಯಾಗುವುದು ನಮ್ಮಲ್ಲಿ ಸುಲಭವಲ್ಲ. ಮೂರನೆಯ ಸಲಕ್ಕೆ "ನನ್ನ ಕಾಯಾಕ ಬಂದೀಯೇನಲೇ?" ಎಂದು ಅವನೇ ಮುಖ ತಿರುವಿದ. ಆಗ ನೆನಪಾದದ್ದು ಆ 20,000. ಆಸ್ಪತ್ರೆಯ ಖರ್ಚಿನಿಂದ ಮನೆ ಬರಿದಾಗಿತ್ತು. ಅದೇ ಹಣವನ್ನು ಮತ್ತೆ ಅವನ ಮುಂದಿಟ್ಟು, ಇದು ದಾನವಲ್ಲ, ಕೈಗಡವೇ, ಅವಧಿಗೆ ಮುಂಚೆ ಕೊಟ್ಟದ್ದನ್ನು ನಾನು ಜಮಾ ಮಾಡಿಕೊಂಡಿಲ್ಲ ಎಂದೆ. ಅವನು ಒಪ್ಪಲಿಲ್ಲ. ಕೊನೆಗೆ ಅವನೇ ಕರಾರು ಬರೆದ: ತಿಂಗಳಿಗೆ 500 ರೂಪಾಯಿ, ಮೊದಲ ಶನಿವಾರ. ನಾನು ಸೇರಿಸಿದ ಷರತ್ತು ಒಂದೇ, ಹಣ ಫೋನಿನಲ್ಲಿ ಬರಬಾರದು, ಅವನೇ ತಂದು ಕೈಯಲ್ಲಿ ಕೊಡಬೇಕು. ಅವನಿಗೆ ಬರಲಾಗದ ತಿಂಗಳು ನಾನೇ ಬ್ಯಾಡಗಿಗೆ ಹೋಗಿ ವಸೂಲು ಮಾಡುತ್ತೇನೆ.

ಇದುವರೆಗೆ ಹನ್ನೊಂದು ಕಂತು ಬಂದಿವೆ. ಎರಡು ಸಲ ನಾನು ಹೋದೆ, ಒಂಬತ್ತು ಸಲ ಅವನು ಬಂದ. ಬಂದಾಗಲೆಲ್ಲ ದುರ್ಗದಬೈಲಿನಲ್ಲಿ ಗಿರಮಿಟ್ಟು ತಿನ್ನುತ್ತೇವೆ. ನಿದ್ದೆ ಹೇಗಿದೆ, ಕುಡಿತ ಎಷ್ಟಕ್ಕೆ ನಿಂತಿದೆ, ಆ ವಿಚಾರ ಈ ತಿಂಗಳು ಬಂದಿತ್ತೇ ಎಂದು ಕೇಳುತ್ತೇನೆ. ಏಳನೆಯ ಕಂತಿನ ತಿಂಗಳು "ಎರಡು ಸಲ ಬಂದಿತ್ತು" ಎಂದ, ಅಂದು ಸಂಜೆಯೇ ವೈದ್ಯರ ಬಳಿ ಹೋದೆವು, ಔಷಧಿಯ ಪ್ರಮಾಣ ಬದಲಾಯಿತು. ಕಳೆದ ಶನಿವಾರ ಅವನು ಕನ್ನಡಕ ಮೂಗಿನ ತುದಿಗೆ ಇಳಿಸಿಕೊಂಡು ನನ್ನ ನೋಟುಪುಸ್ತಕವನ್ನು ತಾನೇ ಎಳೆದುಕೊಂಡು ಶಿಲ್ಕು ತೆಗೆದ. ಇನ್ನೂ 14,500 ಬಾಕಿ. "ಈ ಲೆಕ್ಕದಾಗ ಮುಗಿಯೂದು ಇನ್ನ ಎರಡು ವರ್ಷ ಐದು ತಿಂಗಳಿಗೆ" ಎಂದ. ಕಂತು ಮುನ್ನೂರಕ್ಕೆ ಇಳಿಸಿದರೂ ನಡೆಯುತ್ತದೆ ಎಂದೆ. ಅವನು ಹೊಸ ಕೋಷ್ಟಕ ಹಾಕಲು ಪೆನ್ನು ಕೇಳಿದ.